ಇಲಿಯ ಬೆನ್ನಿಗೆ ಹತ್ತೇ ಚೌಕ: ಮೌಸ್‌ರಿಟ್ಟರ್ ಬಹಳ ದಿನ ಆಡಿದ ಮೇಲೆ

ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್. ಅದನ್ನು ಆಡುವವರಲ್ಲಿ ಪಾತ್ರ ಹೊತ್ತ ಸಾಮಾನಿನ ಭಾರದ ಲೆಕ್ಕ ಇಡುವವರನ್ನು ನಾನು ಕಂಡಿದ್ದು ಕಡಿಮೆ. 2014ರ ಐದನೇ ಆವೃತ್ತಿಯ ನಿಯಮವೇನೂ ಕಷ್ಟದ್ದಲ್ಲ. ಪಾತ್ರದ ಶಕ್ತಿಯ ಅಂಕವನ್ನು 15ರಿಂದ ಗುಣಿಸಿ, ಅಷ್ಟು ಪೌಂಡ್ ಹೊರಬಹುದು. ಶಕ್ತಿ 10 ಇದ್ದರೆ 150 ಪೌಂಡ್, ಅಂದರೆ ಸುಮಾರು 68 ಕಿಲೋ. ಪಂಜು 1 ಪೌಂಡ್, 50 ಅಡಿ ಸೆಣಬಿನ ಹಗ್ಗ 10 ಪೌಂಡ್, 50 ನಾಣ್ಯಕ್ಕೆ 1 ಪೌಂಡ್. ಆದರೆ ಆಟದ ನಡುವೆ ಇದನ್ನೆಲ್ಲ ಕೂಡಿಸುತ್ತಾ ಕೂರುವವರು ಯಾರು? ನಮ್ಮ ಗುಂಪು ಬೇಗನೇ ಕೈಬಿಟ್ಟಿತು. ಆಮೇಲೆ ಎಲ್ಲರ ಚೀಲದಲ್ಲೂ ಏಣಿ, ಡೇರೆ, ನಾಲ್ಕು ಕತ್ತಿ. ಹೇಳೋರಿಲ್ಲ, ಕೇಳೋರಿಲ್ಲ.

ಐಸಾಕ್ ವಿಲಿಯಮ್ಸ್ 2020ರಲ್ಲಿ ಹೊರತಂದ ಇದೇ ಬಗೆಯ ಆಟ ಮೌಸ್‌ರಿಟ್ಟರ್‌ನಲ್ಲಿ ಹಾಗೆ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ. ಇಲ್ಲಿ ನಾವು ಕತ್ತಿ ಹಿಡಿದ ಪುಟ್ಟ ಇಲಿಗಳು. ಪ್ರತಿ ಇಲಿಗೂ ವಿವರ ಬರೆದಿಡೋಕೆ ಒಂದು ಶೀಟ್. ಶೀಟ್‌ನಲ್ಲಿ ಕೈಗೆ 2, ಮೈಗೆ 2, ಚೀಲಕ್ಕೆ 6 ಚೌಕ. ಪ್ರತಿ ಸಾಮಾನಿಗೂ ಒಂದು ಕಾಗದದ ಬಿಲ್ಲೆ. ಕತ್ತರಿಸಿ ಚೌಕದ ಮೇಲೆ ಇಡಬೇಕು. ಜಾಗ ಇಲ್ಲ ಅಂದರೆ ಇಲ್ಲ. ಹಟ ಮಾಡಿ ಜಾಸ್ತಿ ಹೊತ್ತರೆ ಓಡುವಂತಿಲ್ಲ, ಸೇವ್ ಮಾಡುವಾಗ, ಅಂದರೆ ಅಪಾಯದಿಂದ ಪಾರಾಗೋಕೆ ದಾಳ ಹಾಕುವಾಗ, ಎರಡು ದಾಳ ಉರುಳಿಸಿ ಕೆಟ್ಟದ್ದನ್ನೇ ಒಪ್ಪಿಕೊಳ್ಳಬೇಕು. ದುಡ್ಡಿಗೂ (ಇಲ್ಲಿನ ನಾಣ್ಯದ ಹೆಸರು ಪಿಪ್) ರಿಯಾಯಿತಿ ಇಲ್ಲ, 250 ಪಿಪ್‌ಗೆ ಒಂದು ಚೌಕ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಹಸಿವು, ಸುಸ್ತು, ಗಾಯಗಳೂ ಬಿಲ್ಲೆಗಳೇ ಅನ್ನೋದು. ಅವೂ ಚೌಕ ತಿನ್ನುತ್ತವೆ. ಒಮ್ಮೆ ನಮ್ಮ ಗುಂಪಿನ ಇಲಿಗೆ ಹಳೇ ಗೋಡೆಯೊಳಗೆ ಎರಡು ಚೌಕ ಹಿಡಿಯುವ ಬೆಳ್ಳಿಯ ಅಂಗಿ ಗುಂಡಿ ಸಿಕ್ಕಿತು. ಚೀಲ ಭರ್ತಿ, ಮೇಲೆ ಹಸಿವು ಬೇರೆ. ಗುಂಡಿ ಬಿಡೋಕೂ ಮನಸ್ಸಿಲ್ಲ, ಯಾಕಂದರೆ ಈ ಆಟದಲ್ಲಿ ನಿಧಿಯನ್ನು ಸುರಕ್ಷಿತ ಜಾಗಕ್ಕೆ ತಂದರೇನೇ ಅದರ ಬೆಲೆಯಷ್ಟು ಅನುಭವದ ಅಂಕ. ಒಂದೊಂದು ಊಟಕ್ಕೂ ಬುತ್ತಿಯ ಬಿಲ್ಲೆಯ ಮೇಲೆ ಒಂದೊಂದು ಚುಕ್ಕೆ ತುಂಬಬೇಕು, ಮೂರು ಚುಕ್ಕೆಗಳಲ್ಲಿ ಒಂದೇ ಉಳಿದಿತ್ತು. ಆಡುತ್ತಿದ್ದ ಗೆಳತಿ ಸ್ವಲ್ಪ ಹೊತ್ತು ಶೀಟನ್ನೇ ನೋಡಿದಳು. ‘ಇಲ್ಲೇ ಊಟ ಮಾಡ್ತೀನಿ’ ಅಂದಳು. ಕೊನೇ ಚುಕ್ಕೆ ತುಂಬಿತು, ಬುತ್ತಿ ಖಾಲಿ, ಹಸಿವೂ ಹೋಯಿತು. ಎರಡು ಚೌಕ ಸಿಕ್ಕವು! ವಾಪಸ್ ದಾರಿಗೆ ತುತ್ತು ಅನ್ನ ಇಲ್ಲ, ಅದು ಬೇರೆ ಮಾತು. ಪೌಂಡ್ ಲೆಕ್ಕದಲ್ಲಿ ಇಂಥ ಆಟ ನಮಗೆ ಯಾವತ್ತೂ ಸಿಕ್ಕಿರಲಿಲ್ಲ.

ತೊಂದರೆಗಳೂ ಇವೆ. ಬಿಲ್ಲೆ ಕತ್ತರಿಸೋದು ಬೇಜಾರಿನ ಕೆಲಸ. ಮಾಮೂಲಿ ಹಾಳೆಯಲ್ಲಿ ಪ್ರಿಂಟ್ ತೆಗೆಸಿದರೆ ಮೇಲೆ ಫ್ಯಾನ್ ಹಾಕೋ ಹಾಗಿಲ್ಲ, ಚೀಲದ ಸಾಮಾನೆಲ್ಲ ಸೋಫಾ ಕೆಳಗೆ. ಲ್ಯಾಮಿನೇಟ್ ಮಾಡಿಸಿದರೆ ಚುಕ್ಕೆ ತುಂಬೋಕೆ ಪೆನ್ಸಿಲ್ ಹತ್ತೋದಿಲ್ಲ. ದಪ್ಪ ಕಾರ್ಡ್‌ಶೀಟ್‌ನಲ್ಲಿ ತೆಗೆಸಿ, ಪೆನ್ಸಿಲ್‌ನಲ್ಲೇ ಗುರುತು ಮಾಡೋದು ವಾಸಿ. ಅಳಿಸಿ ಅಳಿಸಿ ಸವೆದವುಗಳನ್ನು ಆಗಾಗ ಹೊಸದಾಗಿ ತೆಗೆಸಬೇಕು, ಅಷ್ಟೇ. ಕಥೆ ಉದ್ದ ಆದಾಗ ಮನೆಯಲ್ಲಿ ಬಿಟ್ಟುಬಂದ ಸಾಮಾನಿನ ಬಿಲ್ಲೆಗಳೂ ರಾಶಿ ಬೀಳುತ್ತವೆ. ಕೂಲಿಗೆ ಕರೆದೊಯ್ಯುವ ಇಲಿಗಳಿಗೂ ಅವುಗಳದೇ ಚೌಕಗಳಿರೋದರಿಂದ ಟೇಬಲ್ ಪೂರ್ತಿ ಕಾಗದ. ಒಬ್ಬೊಬ್ಬರಿಗೆ ಒಂದೊಂದು ಜಿಪ್ ಕವರ್ ಕೊಟ್ಟ ಮೇಲೆ ಸ್ವಲ್ಪ ಹತೋಟಿಗೆ ಬಂತು.

ನಿಯಮದ ಪಿಡಿಎಫ್ ದುಡ್ಡು ಕೊಡದೆಯೂ ಸಿಗುತ್ತದೆ. ಆಟದ ಬಾಕ್ಸ್ ತರಿಸುವ ಮುಂಚೆ ಅದನ್ನೇ ಪ್ರಿಂಟ್ ತೆಗೆಸಿ ಒಂದು ಸಂಜೆ ಆಡಿ ನೋಡಿ. ಚೀಲದ ಗೊಡವೆಯೇ ಬೇಡ, ಬರೀ ಹೊಡೆದಾಟ ಸಾಕು ಅನ್ನೋ ಗುಂಪಿಗೆ ಇದು ಹಿಡಿಸೋದಿಲ್ಲ.