ಶೆಟ್ಟಿಹಳ್ಳಿ ಚರ್ಚ್: ನೀರಿಳಿದ ಮೇಲೆ ನೋಡಿ

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿ ರೋಸರಿ ಚರ್ಚಿಗೆ ಜನ ಮುಗಿಬೀಳುವುದು ಮಳೆಗಾಲದಲ್ಲಿ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಕಮಾನುಗಳ ಫೋಟೊ ತೆಗೆದುಕೊಂಡು ದಡದಿಂದಲೇ ಹೊರಟುಬಿಡುತ್ತಾರೆ. ಆ ನೋಟ ಚೆಂದವೇ, ಬೇಡವೆನ್ನುವುದಿಲ್ಲ. ಆದರೆ ಕಟ್ಟಡವನ್ನು ನೋಡಬೇಕೆಂದರೆ ಬೇಸಿಗೆಯಲ್ಲಿ ಹೋಗಬೇಕು. ಹೊರಡುವ ಮುನ್ನ ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟ ನೋಡಿಕೊಳ್ಳಿ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ; ನೀರು ಅದರ ಹತ್ತಿರವಿದ್ದರೆ ಒಳಗೆ ಕಾಲಿಡುವ ಮಾತೇ ಇಲ್ಲ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ದೇವಾಲಯವಿದು. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟೆಯಿಂದಾಗಿ ಊರು ಮುಳುಗಡೆಯಾಗಿ, ಬಲಿಪೂಜೆಯೂ (ಚರ್ಚಿನ ಆರಾಧನೆ) ನಿಂತುಹೋಯಿತು. ಈಗ ಚಾವಣಿಯಿಲ್ಲ, ಬಾಗಿಲು ಕಿಟಕಿಗಳಿಲ್ಲ. ಗಾರೆ ಉದುರಿರುವುದರಿಂದ ಗೋಡೆಯ ಒಳಗುಟ್ಟೆಲ್ಲ ಬಯಲಾಗಿದೆ, ಕಟ್ಟಡ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸುತ್ತಮುತ್ತ ಸಿಗುವುದಿಲ್ಲ.

ಮೊದಲು ಕಮಾನು ನೋಡಿ. ತುದಿ ಚೂಪಾದ ಕಮಾನು ಭಾರವನ್ನು ಹೆಚ್ಚು ನೇರವಾಗಿ ಕೆಳಕ್ಕೆ ಇಳಿಸುತ್ತದೆ. ಅಷ್ಟೇ ಅಗಲದ ಅರ್ಧವೃತ್ತದ ಕಮಾನಿನಷ್ಟು ಪಕ್ಕಕ್ಕೆ ಒತ್ತುವುದಿಲ್ಲ. ಆದರೂ ಒತ್ತಡ ಇದ್ದೇ ಇರುತ್ತದೆ. ಸಾಲಿನಲ್ಲಿ ಒಂದು ಕಮಾನು ಇನ್ನೊಂದಕ್ಕೆ ಹೆಗಲು ಕೊಟ್ಟು ನಿಂತಿರುತ್ತದೆ. ನಡುವೆ ಒಂದು ಬಿದ್ದರೆ ಪಕ್ಕದ ಕಂಬಕ್ಕೆ ಎದುರೊತ್ತು ತಪ್ಪಿ ಅದೂ ವಾಲತೊಡಗುತ್ತದೆ. ಇಲ್ಲಿ ಭಾಗಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿರುವುದು ಇದರಿಂದಲೇ.

ಆಮೇಲೆ ಗೋಡೆಗೆ ಹತ್ತಿರ ಹೋಗಿ, ಇಟ್ಟಿಗೆಗಳ ನಡುವಿನ ಸಂದು ನೋಡಿ. ಸುಣ್ಣದ ಗಾರೆ ಒಳಸರಿದು ಇಟ್ಟಿಗೆಯ ಅಂಚು ಸಣ್ಣ ಹಲಗೆಯಂತೆ ಮುಂದೆ ಚಾಚಿರುತ್ತದೆ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಇಲ್ಲವೇ ಸಂಜೆ ಇದು ಸ್ಪಷ್ಟ. ವರ್ಷವೂ ನೆನೆದು ಒಣಗುವುದರಿಂದ ಸುಣ್ಣ ಸ್ವಲ್ಪಸ್ವಲ್ಪವೇ ಕರಗಿ ಹೋಗುತ್ತದೆ, ಅಲೆ ಬಡಿಯುವ ಮಟ್ಟದಲ್ಲಿ ಸವೆತ ಇನ್ನೂ ಜಾಸ್ತಿ. ಮೇಲಿನಿಂದಲೂ ರಕ್ಷಣೆಯಿಲ್ಲ: ಚಾವಣಿ ಹೋದ ಗೋಡೆಯ ತಲೆಗೆ ಮಳೆ ನೇರ ಇಳಿಯುತ್ತದೆ, ಅಲ್ಲಿ ಬೇರೂರಿದ ಗಿಡ ಬಿರುಕನ್ನು ಅಗಲಿಸುತ್ತದೆ.

ದುರಸ್ತಿಯೆಂದರೆ ಸಿಮೆಂಟ್ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಹಳೆಯ ಇಟ್ಟಿಗೆಗಿಂತ ಸಿಮೆಂಟ್ ಗಡುಸು. ತೇವ ಹೊರಬರಲು ಬಿಡದೆ ಒಳಗೇ ಹಿಡಿದಿಡುತ್ತದೆ, ಉಪ್ಪು ಕಟ್ಟಿ ಇಟ್ಟಿಗೆಯ ಮುಖವೇ ಸಿಪ್ಪೆಯಂತೆ ಏಳುತ್ತದೆ. ಸಂದು ತುಂಬಲು ಸುಣ್ಣ, ಮರಳಿನ ಗಾರೆಯೇ ಆಗಬೇಕು, ಅದೂ ಇಟ್ಟಿಗೆಗಿಂತ ಮೃದುವಾಗಿರಬೇಕು. ಕಮಾನುಗಳಿಗೆ ಅದಕ್ಕೂ ಮೊದಲು ಕೆಳಗಿನಿಂದ ಆಸರೆ ಕೊಡಬೇಕು.

ಬಲಿಪೀಠವಿದ್ದ ತುದಿಯಲ್ಲಿ ನಿಂತು ಬಾಗಿಲ ಕಡೆ ನೋಡಿದರೆ ಕಟ್ಟಡದ ಅಳತೆ ಕಣ್ಣಿಗೆ ಕೂರುತ್ತದೆ. ಅಲ್ಲಿಗೆ ಹೋಗುವಾಗ ಕಮಾನಿನ ನೇರ ಕೆಳಗೆ ನಿಲ್ಲಬೇಡಿ, ಗೋಡೆ ಹತ್ತಲೇಬೇಡಿ, ಹೆಸರು ಕೆತ್ತಬೇಡಿ. ಒಂದೂವರೆ ಗಂಟೆ ಸಾಕು. ಕುಡಿಯುವ ನೀರು, ತಿಂಡಿ ಹಾಸನದಿಂದಲೇ ಇರಲಿ. ನೀರು ಹೊಸದಾಗಿ ಸರಿದ ಜಾಗದಲ್ಲಿ ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಕೆಸರಿರುತ್ತದೆ. ಕಾರನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ನಡೆದು ಹೋಗಿ.