ಅಚ್ಚಿಗೆ ಡೈ ಹೊಂದುತ್ತದೆ ಎಂಬ ಮಾತನ್ನು ನಂಬಿ ಕೆಟ್ಟೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಹೋದ ವಾರ 11 ಕಮಲಗಳ ದಳ ಹಾರಿಹೋದವು. ಹಾರಿಸಿದವಳು ನಾನೇ.

ನಾದಿನಿಯ ಮೊಮ್ಮಗುವಿಗೆ ಮಾಟುಂಗಾದಲ್ಲಿ ನಾಮಕರಣ. 40 ಕಾರ್ಡು ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಶಾಯಿ ಹಚ್ಚಿ ಚಿತ್ರ ಒತ್ತುವ ಕಮಲದ ಅಚ್ಚು ನನ್ನ ಬಳಿ ಇತ್ತು. ಅದರ ಆಕಾರಕ್ಕೆ ಕಾಗದ ಕತ್ತರಿಸುವ ಲೋಹದ ಡೈ ಹುಡುಕಿಕೊಂಡು ಮುಂಬಯಿಯ ಅಬ್ದುಲ್ ರೆಹಮಾನ್ ಸ್ಟ್ರೀಟ್‌ಗೆ ಹೋದೆ. ಮೊಬೈಲಿನಲ್ಲಿದ್ದ ಅಚ್ಚಿನ ಚಿತ್ರ ನೋಡಿದ ಅಂಗಡಿಯವನು, ‘ಸರಿಯಾಗಿ ಕೂರುತ್ತದೆ, ತಾಯಿ’ ಎಂದು ಮರಾಠಿಯಲ್ಲಿ ಹೇಳಿದ. ಮರಾಠಿಯ ತಾಯಿ ಎಂದರೆ ಅಕ್ಕ. ನಾನು ಮಾತ್ರ ಕನ್ನಡದ ತಾಯಿಯಂತೆ ಕರಗಿಬಿಟ್ಟೆ.

ಒಂದನ್ನೂ ಕತ್ತರಿಸಿ ನೋಡದೆ ಮೂರು ರಾತ್ರಿ ಕುಳಿತು ನಲವತ್ತಕ್ಕೂ ಅಚ್ಚೊತ್ತಿ ಬಣ್ಣ ತುಂಬಿದೆ. ದೊಡ್ಡ ತಪ್ಪು ಇದು. ಕತ್ತರಿಸುವಾಗ ಡೈಯ ಎಡ ಅಂಚು ಚೆನ್ನಾಗಿ ಕುಳಿತಿತ್ತು. ಬಲಗಡೆ ದಳದ ತುದಿ ಲೋಹದ ಅಂಚಿನ ಕೆಳಗೆ ಅಡಗಿದ್ದು ಕಾಣಲಿಲ್ಲ. ಮೊದಲ ಕಮಲದ ತುದಿ ಹೋದಾಗ, ಡೈ ಒತ್ತಿ ಕತ್ತರಿಸುವ ಯಂತ್ರದೊಳಗೆ ಅದು ಜಾರಿತು ಎಂದುಕೊಂಡೆ. ಆಮೇಲೆ ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗಿದೆ ಎಂದು ಮಳೆಯನ್ನು ಬೈದೆ. ಡೈ ಅಲುಗದಿರಲೆಂದು ಸೆಲ್ಲೋಟೇಪ್ ಹಚ್ಚಿದರೆ, ಕೀಳುವಾಗ ಕಾಗದದ ಪೊರೆಯೇ ಬಣ್ಣದೊಂದಿಗೆ ಎದ್ದು ಬಂತು. ಹನ್ನೊಂದನೆಯದು ಹಾಳಾದ ಮೇಲೆ ಅಳತೆಪಟ್ಟಿ ಹಿಡಿದೆ. ಡೈ ಚಿತ್ರಕ್ಕಿಂತ 2 ಮಿಲಿಮೀಟರ್ ಚಿಕ್ಕದು! ಉಳಿದ 29ನ್ನು ಕತ್ತರಿಯಲ್ಲಿ ಕತ್ತರಿಸಿದೆ. ಪೊಟ್ಟಣ ಒಡೆದ ಮಾಲನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ.

ಅಚ್ಚು ಒಂದು ಕಡೆ, ಡೈ ಒಂದು ಕಡೆ ಕೊಳ್ಳುವವರು ಅಚ್ಚೊತ್ತಿದ ಕಾಗದವನ್ನೇ ಅಂಗಡಿಗೆ ಒಯ್ಯಿರಿ. ಮೊಬೈಲಿನ ಚಿತ್ರಕ್ಕೆ ಅಳತೆಯಿಲ್ಲ. ಡೈ ಇಟ್ಟಾಗ ಚಿತ್ರದ ಸುತ್ತಲೂ ಸಮನಾದ ಬಿಳಿ ಅಂಚು ಕಾಣಬೇಕು. ಒಂದು ಕಡೆ ಕಂಡರೆ ಸಾಲದು. ಟೇಪು ಹಚ್ಚುವುದಾದರೆ ಸುಲಭವಾಗಿ ಏಳುವ ವಾಶಿ ಟೇಪ್ ಎಂಬ ಕಾಗದದ ಟೇಪು ಸಾಕು.

ಹೆಚ್ಚು ಕಾರ್ಡುಗಳಿದ್ದರೆ ಮೊದಲು ಕತ್ತರಿಸಿ, ಆಮೇಲೆ ಅಚ್ಚೊತ್ತಿ. ರಟ್ಟಿನಲ್ಲಿ ಒಂದು ಆಕಾರ ಕತ್ತರಿಸಿದಾಗ ಉಳಿಯುವ ತೂತಿನ ಚೌಕಟ್ಟನ್ನು ಎಸೆಯಬೇಡಿ. ಅದನ್ನು ಮುಚ್ಚಳಕ್ಕೆ ಅಚ್ಚು ಅಂಟಿಸಿಕೊಂಡು ಒತ್ತುವ ಸಾಧನದ ತಳಕ್ಕೆ ಅಂಟಿಸಿ, ತೂತಿನಲ್ಲಿ ಕತ್ತರಿಸಿದ ತುಂಡು ಕೂರಿಸಿ, ಅದರ ಮೇಲೆ ಪಾರದರ್ಶಕ ಅಚ್ಚನ್ನು ಮುಖ ಕೆಳಗಾಗಿ ಇಟ್ಟು ಮುಚ್ಚಳ ಒತ್ತಿದರೆ ಅಚ್ಚು ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತುಂಡು ಬದಲಿಸುತ್ತ, ಶಾಯಿ ಹಚ್ಚುತ್ತ ಹೋದರಾಯಿತು, ಪ್ರತಿಯೊಂದೂ ಅದೇ ಜಾಗದಲ್ಲಿ ಬೀಳುತ್ತದೆ. ಡೈ ಚಿಕ್ಕದಾಗಿದ್ದರೆ ಬಣ್ಣ ತುಂಬುವ ಮೊದಲೇ, ಒಂದೇ ತುಂಡಿನಲ್ಲಿ ಗೊತ್ತಾಗುತ್ತದೆ.

ನನ್ನ ಡೈ ಮೇಜಿನ ಮೇಲೇ ಇದೆ. ಅದಕ್ಕೆ ಹೊಂದುವ ಕಮಲದ ಅಚ್ಚು ಯಾರ ಬಳಿಯಾದರೂ ಇದ್ದರೆ ತಿಳಿಸಿ, ಆದರೆ ಫೋಟೋ ಕಳಿಸಬೇಡಿ, ಕಾಗದದ ಮೇಲೆ ಒತ್ತಿ ಕಳಿಸಿ.