ಫಿಲ್ಲರ್ ಬೋಲ್ಟ್ ಬಿಚ್ಚದೆ ಡಿಫರೆನ್ಶಿಯಲ್ ಆಯಿಲ್ ಇಳಿಸಲು ಬಿಡಬೇಡಿ

ಪುಣೆಯಲ್ಲಿ ಹಳೆಯ ಜಿಪ್ಸಿ, ಥಾರ್, ಸ್ಕಾರ್ಪಿಯೊ ಫೋರ್‌ವೀಲ್ ಡ್ರೈವ್ ಸಾಕಿಕೊಂಡು ಹಬ್ಬ ಬಂದರೆ ಊರ ದಾರಿ ಹಿಡಿಯುವ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಇದು ಅವರಿಗಾಗಿ. ನನ್ನದು 2004ರ ಜಿಪ್ಸಿ ಕಿಂಗ್. ಹೋದ ದೀಪಾವಳಿಗೆ ಧಾರವಾಡ ಮುಟ್ಟಬೇಕಿದ್ದ ಗಾಡಿ ಖಂಬಾಟಕಿ ಘಾಟ್ ಇಳಿದು ಸುರೂರಿನ ಹತ್ತಿರ ಕೂತುಬಿಟ್ಟಿತು. ಹಬ್ಬ ಹೋಯಿತು, 38,000 ರೂಪಾಯಿ ಹೋಯಿತು. ಎಲ್ಲ ಒಂದು ಬೋಲ್ಟಿನ ದೆಸೆಯಿಂದ, ಡಿಫರೆನ್ಶಿಯಲ್‌ಗೆ ಎಣ್ಣೆ ತುಂಬುವ ತೂತು ಮುಚ್ಚುವ ಫಿಲ್ಲರ್ ಬೋಲ್ಟಿನ ದೆಸೆಯಿಂದ.

ಮಳೆಗಾಲದಲ್ಲಿ ತಾಮ್ಹಿಣಿ ಘಾಟಿನ ಕಡೆ ಹೋದಾಗ ಒಂದು ಹಳ್ಳ ದಾಟಿದ್ದೆ. ಚಕ್ರದ ಅರ್ಧದಷ್ಟು ನೀರು. ಆಕ್ಸಲ್ ನಡುವೆ ಕೂತು ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳ ಗೂಡು ಡಿಫರೆನ್ಶಿಯಲ್; ಓಡಿ ಓಡಿ ಬಿಸಿಯಾದ ಅದು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ತೂತು, ಅಂದರೆ ಬ್ರೀದರ್, ಕೆಟ್ಟಿದ್ದರೆ, ಸೀಲ್ ಸವೆದಿದ್ದರೆ, ಅಲ್ಲಿಂದಲೇ ನೀರು ಎಳೆದುಕೊಳ್ಳುತ್ತದೆ. ಇದು ಗೊತ್ತಿದ್ದರಿಂದಲೇ ಊರಿಗೆ ಹೊರಡುವ ಮುಂಚೆ ಎಂಜಿನ್, ಗೇರ್‌ಬಾಕ್ಸ್, ಮುಂದಿನ-ಹಿಂದಿನ ಆಕ್ಸಲ್‌ಗೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಕೇಸ್, ಹಿಂದಿನ-ಮುಂದಿನ ಡಿಫರೆನ್ಶಿಯಲ್ ಎಲ್ಲದರ ಆಯಿಲ್ ಬದಲಿಸೋಣ ಎಂದು ಮನೆ ಹತ್ತಿರದ ಒಂದು ಗ್ಯಾರೇಜಿಗೆ ಬಿಟ್ಟೆ. ಹೆಸರು ಬೇಡ. ಬೇರೆ ಗ್ಯಾರೇಜಿನಲ್ಲಿ ಇದು ಆಗುವುದಿಲ್ಲ ಎಂದೇನೂ ಇಲ್ಲ.

ನಾನು ಅಲ್ಲಿರುವಾಗಲೇ ಹಿಂದಿನ ಡಿಫರೆನ್ಶಿಯಲ್‌ನ ತಳದಲ್ಲಿ ಎಣ್ಣೆ ಇಳಿಸುವ ಡ್ರೇನ್ ಬೋಲ್ಟ್ ಬಿಚ್ಚಿದರು. ಹಾಲು ಹೆಚ್ಚಾದ ಕಾಫಿಯಂಥ ಎಣ್ಣೆ ಇಳಿಯಿತು. ನೀರು ಸೇರಿದ್ದು ಖಾತ್ರಿಯಾಯಿತು, ಸರಿಯಾದ ಹೊತ್ತಿಗೆ ಬಂದೆ ಎಂದು ಸಮಾಧಾನವೂ ಆಯಿತು. ಆಫೀಸಿನಿಂದ ಕರೆ ಬಂತು, ಹೊರಟುಬಿಟ್ಟೆ. ತಪ್ಪಿದ್ದೇ ಅಲ್ಲಿ. ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೋ ಇಲ್ಲವೋ ನೋಡದೆ ಕೆಳಗಿನದನ್ನು ತೆಗೆದಿದ್ದರು. ಇಪ್ಪತ್ತು ವರ್ಷದ ಗಾಡಿ, ಆ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಾನಾ ಹಾಕಿ ತಿರುಗಿಸಿ ತಿರುಗಿಸಿ ಅದರ ಮೂಲೆಗಳೆಲ್ಲ ಸವೆದು ಉರುಟಾಯಿತು. ಎಣ್ಣೆ ಆಗಲೇ ತೊಟ್ಟಿಯಲ್ಲಿತ್ತು, ತುಂಬಲು ದಾರಿ ಇರಲಿಲ್ಲ. ಏನು ಮಾಡಿದರೆಂದರೆ, ಬ್ರೀದರ್ ತೂತಿನಿಂದ ಹೋದಷ್ಟು ಎಣ್ಣೆ ಬಿಟ್ಟು, ಸವೆದ ಬೋಲ್ಟಿನ ಸುತ್ತ ಎಂ-ಸೀಲ್ ಮೆತ್ತಿ, ಗಾಡಿ ತೊಳೆದು ನಿಲ್ಲಿಸಿದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಸಂಜೆ ಗಾಡಿ ತರಲು ಹೋದಾಗ ಅಲ್ಲಿ ಕೆಲಸ ಮಾಡುವ, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹುಡುಗ, ನನ್ನ ಫೋನಿನ ಮಾತು ಕೇಳಿ ಕನ್ನಡದವರೆಂದು ಗುರುತು ಹಿಡಿದವನು, ಹತ್ತಿರ ಬಂದು ಮೆಲ್ಲಗೆ, "ಅಣ್ಣಾರ, ಊರಿಗಿ ಹೊಂಟೀರಿ ಅಂದ್ರ ಹಿಂದಿನ ಹೌಸಿಂಗ್ ಒಮ್ಮಿ ಬ್ಯಾರೆ ಕಡೆ ತೋರಿಸ್ಕೊಂಡ ಹೋಗ್ರಿ" ಅಂದ. ಹೌಸಿಂಗ್ ಅಂದರೆ ಡಿಫರೆನ್ಶಿಯಲ್‌ನ ಹೊರಕವಚ. ಮಾಲೀಕ ಆಚೆಯಿಂದ "ಟೆನ್ಷನ್ ಘೇಊ ನಕಾ ಸಾಹೇಬ್" (ಚಿಂತೆ ಮಾಡಬೇಡಿ) ಎಂದು ನಕ್ಕ. ಹುಡುಗ ಚಹಾಕ್ಕೆ ಕೇಳುತ್ತಿರಬೇಕು ಅಂದುಕೊಂಡು ಐವತ್ತು ರೂಪಾಯಿ ಕೊಟ್ಟು ಬಂದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಖೇಡ್ ಶಿವಾಪುರ ಟೋಲ್ ದಾಟುವವರೆಗೆ ಏನೂ ಇಲ್ಲ. ಶಿರವಳದ ನಂತರ ಹಿಂದಿನಿಂದ ಸಣ್ಣಗೆ ಕುಂಯ್ ಎನ್ನುವ ದನಿ. ಆಕ್ಸಿಲರೇಟರ್ ಬಿಟ್ಟಾಗ ಒಂದು ಥರ, ಒತ್ತಿದಾಗ ಇನ್ನೊಂದು ಥರ. ಟೈರಿನ ಸದ್ದಾದರೆ ಹೀಗೆ ಬದಲಾಗುವುದಿಲ್ಲ. ಇದು ಅಲ್ಲೇ ತಲೆಗೆ ಹೊಳೆಯಬೇಕಿತ್ತು. ಘಾಟ್ ಏರುವಾಗ ಗಂಧಕ ಸುಟ್ಟಂಥ ವಾಸನೆ. ಇಳಿದು ಸುರೂರು ಬರುವಷ್ಟರಲ್ಲಿ ಗರಗರ ಶುರುವಾಯಿತು. ನಿಲ್ಲಿಸಿ ಹಿಂದಿನ ಹೌಸಿಂಗಿಗೆ ನೀರು ಚಿಮುಕಿಸಿದರೆ ಕಾದ ಹೆಂಚಿನ ಮೇಲೆ ಬಿದ್ದಂತೆ ಚುಂಯ್ ಎಂದಿತು.

ಒಬ್ಬ ಗೆಳೆಯ ಫೋನಿನಲ್ಲಿ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಫೋರ್‌ವೀಲ್‌ಗೆ ಹಾಕಿ ಮುಂದಿನ ಚಕ್ರದ ಮೇಲೆ ಬಾ ಅಂದ. ಕೇಳಲು ಚೆನ್ನ. ಆದರೆ ಹಿಂದಿನ ಚಕ್ರ ಉರುಳಿದರೆ ಆಕ್ಸಲ್ ತಿರುಗುತ್ತದೆ, ಆಕ್ಸಲ್ ತಿರುಗಿದರೆ ಡಿಫರೆನ್ಶಿಯಲ್ ಒಳಗಿನ ದೊಡ್ಡ-ಸಣ್ಣ ಹಲ್ಲುಚಕ್ರದ ಜೋಡಿ, ಕ್ರೌನ್ ಪಿನಿಯನ್, ತಿರುಗಿಯೇ ತಿರುಗುತ್ತದೆ. ಹಿಂದಿನ ಚಕ್ರ ಎತ್ತಿಸಿ ಟೋಯಿಂಗ್ ಗಾಡಿಯಲ್ಲಿ ವಾಪಸ್ ತಂದೆ. ಅಮ್ಮ, ಹೆಂಡತಿ, ಮಗಳು ಸಾತಾರಾದಿಂದ ಬಸ್ ಹಿಡಿದು ಹೋದರು.

ಬೇರೆ ಮೇಸ್ತ್ರಿ ಡ್ರೇನ್ ಬೋಲ್ಟ್ ಬಿಚ್ಚಿದಾಗ ಅರ್ಧ ಲೀಟರ್ ಕೂಡ ಬರಲಿಲ್ಲ. ಬಂದದ್ದು ಡಾಂಬರಿನ ಹಾಗೆ. ಆ ಬೋಲ್ಟಿಗೆ ಬೂದು ಬಣ್ಣದ ನುಣ್ಣನೆ ಲೇಪ ಅಂಟಿದ್ದರೆ ಅದು ಸಹಜ ಸವೆತ. ನನ್ನದರಲ್ಲಿ ಉಗುರಿನಷ್ಟು ಚೂರುಗಳಿದ್ದವು. ಪಿನಿಯನ್ ಬೇರಿಂಗ್ ಬಿಸಿಗೆ ನೀಲಿಯಾಗಿತ್ತು. ಒಳಗೆ ಪಂಪು ಗಿಂಪು ಇರುವುದಿಲ್ಲ. ಕ್ರೌನ್ ಚಕ್ರ ಎಣ್ಣೆಯಲ್ಲಿ ಮುಳುಗಿ ತಿರುಗುತ್ತ ಎಲ್ಲ ಕಡೆ ಎರಚಬೇಕು. ಮಟ್ಟ ಇಳಿದರೆ ಪಿನಿಯನ್ನಿನ ಮುಂತುದಿಯ ಬೇರಿಂಗಿಗೆ ಹನಿಯೂ ತಲುಪುವುದಿಲ್ಲ. ಅದೂ ಅಲ್ಲದೆ ಟೂವೀಲ್‌ನಲ್ಲಿ ಓಡಿಸುವಾಗ ಎಳೆಯುವ ಭಾರವೆಲ್ಲ ಹಿಂದಿನದರ ಮೇಲೆಯೇ. ಪುಣೆಯಲ್ಲಿ ಗಾಡಿಯ ಬಿಡಿಭಾಗ ಸಿಗುವ ನಾನಾ ಪೇಠೆಯಲ್ಲಿ ಎರಡು ದಿನ ತಿರುಗಿ ಕ್ರೌನ್ ಪಿನಿಯನ್, ಬೇರಿಂಗ್, ಸೀಲ್ ಜೋಡಿಸಿಕೊಂಡೆ.

ಆಮೇಲೆ ಮೊದಲ ಗ್ಯಾರೇಜಿನ ಬಿಲ್ ತೆಗೆದು ನೋಡಿದೆ. ಗೇರ್ ಆಯಿಲ್ 4.5 ಲೀಟರ್, ಎಲ್ಲ ಒಂದೇ ಬಗೆಯದು. ಗಾಡಿಯ ಕೈಪಿಡಿ ಪ್ರಕಾರ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಶಿಯಲ್ ಸೇರಿ 5.5 ಲೀಟರ್ ಆಸುಪಾಸು ಬೇಕು. ಹಿಂದಿನದಕ್ಕೇ ಒಂದೂವರೆ. ಒಂದು ಲೀಟರ್ ಕಡಿಮೆ ಬಿದ್ದದ್ದು ಬಿಲ್ಲಿನಲ್ಲೇ ಕಾಣುತ್ತಿತ್ತು, ನಾನು ನೋಡಿದ್ದು ಕೆಳಗಿನ ಮೊತ್ತ ಮಾತ್ರ. ಈಗ ಖಾಲಿ ಡಬ್ಬಿಗಳನ್ನು ಎದುರಿಗೆ ಇಡಿಸಿ ಎಣಿಸುತ್ತೇನೆ.

ಒಂದೇ ಬಗೆ ಎಂದೆನಲ್ಲ, ಅದೂ ತಪ್ಪೇ. ಗೇರ್ ಆಯಿಲ್ ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂದು ದರ್ಜೆ ಬರೆದಿರುತ್ತದೆ; ಡಿಫರೆನ್ಶಿಯಲ್‌ಗೆ ಜಿಎಲ್-5 ಬೇಕು, ಅಲ್ಲಿ ಹಲ್ಲುಗಳು ಒತ್ತಿಕೊಂಡೇ ಜಾರುತ್ತವೆ. ಅದೇ ಎಣ್ಣೆಯನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಸುರಿದರೆ ಗೇರ್ ಸಲೀಸಾಗಿ ಬೀಳಲು ಇರುವ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ. ಬೆಳಗಿನ ತಂಪಿನಲ್ಲಿ ಎರಡನೇ ಗೇರ್ ಕರಕರ ಅನ್ನುತ್ತಿದ್ದದ್ದು ಅದಕ್ಕೇ ಇರಬೇಕು, ಬದಲಿಸಿದ ಮೇಲೆ ನಿಂತಿದೆ.

ಮಾಲೀಕನ ಹತ್ತಿರ ಜಗಳಕ್ಕೆ ಹೋದೆ. "ಜುನೀ ಗಾಡೀ ಆಹೇ ಸಾಹೇಬ್" (ಹಳೇ ಗಾಡಿ ಸಾಹೇಬ್ರೆ) ಎಂದು ಕೈ ಚೆಲ್ಲಿದ. ಎಂ-ಸೀಲ್ ಫೋಟೊ ತೋರಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಆಯಿಲ್ ಬದಲಿಸಿದ ಮಜೂರಿಯನ್ನಷ್ಟೇ ಹಿಂದೆ ಕೊಟ್ಟ.

ಈಗ ಯಾರ ಕೈಗೆ ಗಾಡಿ ಕೊಟ್ಟರೂ ಹಿಂದಿನ ದಿನವೇ ನಾಲ್ಕೂ ಫಿಲ್ಲರ್ ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡುತ್ತೇನೆ. ಮೊದಲು ಮೇಲಿನದು ಸಡಿಲವಾಗಬೇಕು, ಆಮೇಲೆ ಕೆಳಗಿನದು. ಗಾಡಿ ಸಮತಟ್ಟು ನೆಲದ ಮೇಲಿರಬೇಕು, ಫಿಲ್ಲರ್ ತೂತಿನಿಂದ ಎಣ್ಣೆ ಹೊರಗೆ ತೊಟ್ಟಿಕ್ಕುವವರೆಗೆ ತುಂಬಬೇಕು. ಮುಚ್ಚುವ ಮೊದಲು ಕಿರುಬೆರಳು ಒಳಗೆ ಬಿಡುತ್ತೇನೆ. ಬೆರಳು ಒದ್ದೆಯಾಗದೆ ಬೋಲ್ಟ್ ಹಾಕಲು ಬಿಡುವುದಿಲ್ಲ.

ಜಗಳ ಮುಗಿಸಿ ಹೊರಗೆ ಬಂದಾಗ ಇಂಡಿಯ ಹುಡುಗ ಗೇಟಿನ ಹತ್ತಿರ ಟ್ಯೂಬ್ ತೊಳೆಯುತ್ತಿದ್ದ. ತಲೆ ಎತ್ತದೆಯೇ ಅಂದ: "ನಾ ಹೇಳಿದ್ನಲ್ರಿ ಅಣ್ಣಾರ."